ತಿರುಗದ ಚೆಂಡಿನ ಗೆಲುವು

ಭಾರತ–ಪಾಕಿಸ್ತಾನ ಟೆಸ್ಟ್ ಎಂದೊಡನೆ ಈಗಿನ ಹುಡುಗರ ಕಣ್ಣಮುಂದೆ ದೊಡ್ಡ ಕಾಳಗವೇ ಬಂದು ನಿಲ್ಲುತ್ತದೆ. ಎಂಬತ್ತರ ದಶಕದಲ್ಲಿ ಐದೈದು ದಿನ ರೇಡಿಯೊಕ್ಕೆ ಕಿವಿ ಹಚ್ಚಿ ಕೂತವರನ್ನು ಕೇಳಿ ನೋಡಿ. ಬಹುಪಾಲು ಆಕಳಿಕೆಯೇ. 1983ರ ಜನವರಿಯ ಲಾಹೋರ್ ಟೆಸ್ಟ್‌ನಿಂದ ಎಣಿಸಿದರೆ ಸಾಲಾಗಿ ಹನ್ನೊಂದು ಪಂದ್ಯ ಡ್ರಾ. ಅದಕ್ಕೂ ಹಿಂದೆ, 1952ರಿಂದ 1978ರ ನಡುವೆ ಆಡಿದ್ದರಲ್ಲಿ ಸಾಲಾಗಿ ಹದಿಮೂರು ಡ್ರಾ. ಗೆಲ್ಲುವ ಆಸೆ ಇಬ್ಬರಿಗೂ ಇರಲಿಲ್ಲವೆಂದಲ್ಲ. ಸೋತು ಊರಿಗೆ ಮರಳುವ ಭಯ ಅದಕ್ಕಿಂತ ದೊಡ್ಡದಿತ್ತು. ಸತ್ತ ಪಿಚ್, ರಕ್ಷಣೆಗೆ ನಿಂತ ಬ್ಯಾಟು, ಸಂಜೆ ಕೈಕುಲುಕುವುದು.

1987ರ ಸರಣಿಯೂ ಅದೇ ದಾರಿ ಹಿಡಿದಿತ್ತು. ಇಮ್ರಾನ್ ಖಾನ್ ತಂಡ ಬಂದಾಗ ಗಡಿಯಲ್ಲಿ ಎರಡೂ ಸೇನೆಗಳು ಎದುರುಬದುರಾಗಿದ್ದವು. ಜೈಪುರ ಟೆಸ್ಟ್ ನೋಡುವ ನೆಪದಲ್ಲಿ ಪಾಕ್ ಅಧ್ಯಕ್ಷ ಜನರಲ್ ಜಿಯಾ ಉಲ್ ಹಕ್ ಬಂದು ಕೂತರು. ಆ ಟೆಸ್ಟ್‌ನ ಮೊದಲ ಚೆಂಡಿಗೇ ಗಾವಸ್ಕರ್ ಔಟ್. ಆಮೇಲೆ ಮಳೆ, ಒದ್ದೆ ಪಿಚ್, ಅದರ ಮೇಲೆ ಚೆಲ್ಲಿದ ಮರದ ಹೊಟ್ಟು, ಅದರ ಬಗ್ಗೆ ತಕರಾರು. ಅಹಮದಾಬಾದಿನಲ್ಲಿ ಮಾರ್ಚ್ 7ರಂದು ಗಾವಸ್ಕರ್ ಹತ್ತು ಸಾವಿರ ರನ್ ಮುಟ್ಟಿದ ಮೊದಲ ಬ್ಯಾಟ್ಸ್‌ಮನ್ ಆದರು; ಜನ ಮೈದಾನಕ್ಕೇ ನುಗ್ಗಿದರು. ಪಂದ್ಯ ಮಾತ್ರ ಮತ್ತೆ ಡ್ರಾ. ಚೆನ್ನೈ, ಕೋಲ್ಕತ್ತ, ಜೈಪುರ, ಅಹಮದಾಬಾದ್, ನಾಲ್ಕೂ ಕಡೆ ಅದೇ ಹಾಡು.

ಐದನೆಯದು ಬೆಂಗಳೂರು. ಚಿನ್ನಸ್ವಾಮಿ ಕ್ರೀಡಾಂಗಣದ ಆ ಪಿಚ್ಚಿನ ಬಗ್ಗೆ ಒಳ್ಳೆಯ ಮಾತು ಹೇಳುವುದು ಕಷ್ಟ. ಮಾರ್ಚ್ 13ರ ಮೊದಲ ದಿನವೇ ಚೆಂಡು ಬುಗುರಿಯಂತೆ ತಿರುಗತೊಡಗಿತು. ಟಾಸ್ ಗೆದ್ದು ಆಡಿದ ಪಾಕಿಸ್ತಾನ 116ಕ್ಕೆ ಮುಗಿಯಿತು. ಎಡಗೈ ಸ್ಪಿನ್ನರ್ ಮಣಿಂದರ್ ಸಿಂಗ್ 27 ರನ್ನಿಗೆ 7 ವಿಕೆಟ್ ಕಿತ್ತರು. ಗ್ಯಾಲರಿಯ ಲೆಕ್ಕದಲ್ಲಿ ಸರಣಿ ಅಲ್ಲಿಗೆ ಭಾರತದ ಜೇಬಿಗೆ ಬಿದ್ದಂತೆಯೇ.

ಪಂದ್ಯದ ಸ್ವಾರಸ್ಯ ಶುರುವಾಗುವುದು ಇಲ್ಲಿಂದ. ಪಾಕ್ ತಂಡದಲ್ಲಿ ಅಬ್ದುಲ್ ಖಾದಿರ್ ಇರಲಿಲ್ಲ. ಅಷ್ಟು ತಿರುಗಿಸುವ ಲೆಗ್ ಸ್ಪಿನ್ನರ್‌ನನ್ನು ಅಂಥ ಪಿಚ್ಚಿನಲ್ಲಿ ಹೊರಗಿಡುವುದೆಂದರೆ ಯಾರಿಗೂ ಹುಚ್ಚೆನಿಸುವಂಥದ್ದು. ಇಮ್ರಾನ್‌ಗೆ ಖಾದಿರ್ ಮೇಲೆಯೇ ಮನಸ್ಸಿತ್ತು, ಜಾವೇದ್ ಮಿಯಾಂದಾದ್ ಹಟ ಹಿಡಿದು ಎಡಗೈ ಸ್ಪಿನ್ನರ್ ಇಕ್ಬಾಲ್ ಖಾಸಿಂ ಪರ ನಿಂತರು ಎಂಬುದು ಆ ಪಾಳಯದಿಂದಲೇ ಬಂದ ಕತೆ. ಜತೆಗೆ ಆಫ್ ಸ್ಪಿನ್ನರ್ ತೌಸೀಫ್ ಅಹ್ಮದ್. ಇಬ್ಬರೂ ಪೋಸ್ಟರಿಗೆ ಏರುವ ಹೆಸರುಗಳಲ್ಲ.

ಇನ್ನೊಂದು ಕತೆಯೂ ಉಂಟು. ಮೊದಲ ದಿನದ ಆಟದ ನಂತರ ಪಾಕ್ ಸ್ಪಿನ್ನರ್‌ಗಳಿಗೆ ಭಾರತದ ಹಳೆಯ ಎಡಗೈ ಸ್ಪಿನ್ನರ್ ಬಿಷನ್ ಸಿಂಗ್ ಬೇಡಿ ಸಿಕ್ಕರಂತೆ. ಈ ಪಿಚ್ಚಿನಲ್ಲಿ ನೀವು ಚೆಂಡು ತಿರುಗಿಸಲು ಹೋಗಬೇಡಿ, ಪಿಚ್ಚೇ ಆ ಕೆಲಸ ಮಾಡುತ್ತದೆ, ನೀವು ಗೂಟಕ್ಕೆ ನೇರ ಹಾಕಿ ಎಂಬರ್ಥದ ಸಲಹೆ ಕೊಟ್ಟರಂತೆ. ಬೇಡಿ ಸ್ವಭಾವ ಬಲ್ಲವರು ಇದನ್ನು ಸುಲಭವಾಗಿ ನಂಬುತ್ತಾರೆ. ಸ್ಪಿನ್ ಬೌಲಿಂಗ್ ಅವರಿಗೆ ದೇಶಕ್ಕಿಂತ ಹಳೆಯ ಧರ್ಮವಾಗಿತ್ತು.

ಕತೆ ಹೇಗೇ ಇರಲಿ, ತರ್ಕ ಗಟ್ಟಿ. ಗೇಣುದ್ದ ತಿರುಗುವ ಚೆಂಡು ನೋಡಲು ಚೆಂದ. ಗ್ಯಾಲರಿ ‘ಆಹಾ’ ಎನ್ನುತ್ತದೆ, ವಿಕೆಟ್ ಕೀಪರ್ ಎರಡೂ ಕೈ ಮೇಲೆತ್ತುತ್ತಾನೆ. ಆದರೆ ಆ ಚೆಂಡು ಬ್ಯಾಟಿಗೂ ಸಿಗುವುದಿಲ್ಲ, ಗೂಟಕ್ಕೂ ತಾಗುವುದಿಲ್ಲ. ವಿಕೆಟ್ ತರುವುದು ಎರಡು ಬೆರಳಷ್ಟೇ ತಿರುಗಿ ಬ್ಯಾಟಿನ ಅಂಚು ಸವರುವ ಚೆಂಡು. ಅದಕ್ಕಿಂತ ಹೆಚ್ಚಾಗಿ, ತಿರುಗುತ್ತದೆಂದು ನಂಬಿಸಿ ನೇರ ನುಗ್ಗುವ ಚೆಂಡು. ಖಾಸಿಂಗೆ ಪುಟ್ಟ ಓಟ ಸಾಕು. ಚೆಂಡನ್ನು ಹೆಚ್ಚು ಮೇಲೆ ತೇಲಿಬಿಡದೆ, ಒಂದೇ ಜಾಗದಲ್ಲಿ ಮೊಳೆ ಹೊಡೆದಂತೆ ಹಾಕುತ್ತ ಹೋದರು. ವೆಂಗ್‌ಸರ್ಕಾರ್ 50 ಹೊಡೆದರೂ ಭಾರತ 145ಕ್ಕೆ ಸುಸ್ತು. ಖಾಸಿಂ 48ಕ್ಕೆ 5, ತೌಸೀಫ್ 54ಕ್ಕೆ 5.

ಪಾಕಿಸ್ತಾನದ ಎರಡನೇ ಇನಿಂಗ್ಸ್‌ನಲ್ಲಿ ಅದೇ ಮಣಿಂದರ್, ಅದೇ ಪಿಚ್. ಮೂರು ವಿಕೆಟ್‌ಗೆ 99 ರನ್ ತೆತ್ತರು. ಮೊದಲ ದಿನದ ಫಸಲಿನ ಅಮಲು ಇಳಿದಿರಲಿಲ್ಲ ಎನ್ನುವುದು ಸ್ವಲ್ಪ ನಿಷ್ಠುರದ ಮಾತು, ಆದರೆ ಸುಳ್ಳಲ್ಲ. ವಿಕೆಟ್ ಕೀಪರ್ ಸಲೀಂ ಯೂಸುಫ್ ಬಾಲಂಗೋಚಿಗಳನ್ನು ಜತೆಗಿಟ್ಟುಕೊಂಡು ಅಜೇಯ 41 ಗಳಿಸಿದರು, ಮೊತ್ತ 249 ಆಯಿತು. ಗುರಿ 221. ಕೊನೆಗೆ ಅಂತರ ಬರೀ 16 ರನ್ ಎಂದಮೇಲೆ ಆ 41ರ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ.

ವಾಸಿಂ ಅಕ್ರಂ ಸತತ ಎರಡು ಚೆಂಡಿನಲ್ಲಿ ಶ್ರೀಕಾಂತ್ ಮತ್ತು ಅಮರನಾಥ್ ಅವರನ್ನು ಕಳಿಸಿದ ಮೇಲೆ ಉಳಿದದ್ದು ಗಾವಸ್ಕರ್ ಒಬ್ಬರೇ ಎನ್ನಬೇಕು. ವಯಸ್ಸು 37. ಕೈಯಲ್ಲಿ ಬ್ಯಾಟಿನ ಹಿಡಿತ ಸಡಿಲ. ಚೆಂಡು ಬಂದು ಬ್ಯಾಟಿಗೆ ತಾಗಿದರೆ ಕಾಲಬುಡದಲ್ಲೇ ಬಿದ್ದು ಸಾಯಬೇಕು, ಪಕ್ಕದಲ್ಲಿ ಬಾಯಿ ತೆರೆದು ಕೂತ ಫೀಲ್ಡರ್‌ಗೆ ಎಟುಕಬಾರದು. ಹೆಚ್ಚು ತಿರುಗಿದ ಚೆಂಡನ್ನು ಬೆನ್ನಟ್ಟಬಾರದು. ಅದು ತನ್ನ ಪಾಡಿಗೆ ಹೋಗಲಿ. ನಡುವೆ ಒಂದು ವಿಶ್ರಾಂತಿ ದಿನ. ಆಗಿನ ಟೆಸ್ಟ್‌ಗಳಲ್ಲಿ ಅಂಥದೊಂದು ಸೌಜನ್ಯವಿತ್ತು. ಮಾರ್ಚ್ 17ರಂದು ಮತ್ತೆ ಅದೇ ತಪಸ್ಸು. ಒಟ್ಟು ಐದು ಗಂಟೆಗೂ ಹೆಚ್ಚು ಕಾಲ ಆಡಿ 96ಕ್ಕೆ ಬಂದಾಗ ಖಾಸಿಂ ಎಸೆತ, ಸ್ಲಿಪ್‌ನಲ್ಲಿ ರಿಜ್ವಾನ್ ಉಜ್ ಜಮಾನ್ ಕೈಗೆ ಕ್ಯಾಚ್. ಉಳಿದವರಲ್ಲಿ ಯಾರೂ 30 ಮುಟ್ಟಲಿಲ್ಲ.

ಅದು ಗಾವಸ್ಕರ್ ಅವರ ಕೊನೆಯ ಟೆಸ್ಟ್. ಅವರ 34 ಶತಕಗಳ ಪಟ್ಟಿಯಲ್ಲಿ ಈ 96ಕ್ಕೆ ಜಾಗವಿಲ್ಲ. ಆದರೆ ಆ ಪಟ್ಟಿಯ ಅರ್ಧಕ್ಕಿಂತ ಹೆಚ್ಚು ಶತಕಗಳಿಗಿಂತ ಇದು ತೂಕದ್ದು ಎಂದರೆ ಜಗಳಕ್ಕೆ ಬರುವವರು ಕಡಿಮೆ. ಊರಿನವರೇ ಆದ ರೋಜರ್ ಬಿನ್ನಿ 15 ರನ್ ಮಾಡಿ ಇನ್ನೂ ಆಸೆ ಜೀವಂತವಿಟ್ಟಿದ್ದರು. ತೌಸೀಫ್ ಎಸೆತಕ್ಕೆ ಯೂಸುಫ್ ಹಿಡಿದ ಕ್ಯಾಚ್‌ಗೆ ಅದೂ ಮುಗಿಯಿತು. ಭಾರತ 204. ಬಿದ್ದ ಇಪ್ಪತ್ತರಲ್ಲಿ ಹದಿನೆಂಟು ವಿಕೆಟ್ ಖಾಸಿಂ–ತೌಸೀಫ್ ಪಾಲು, ತಲಾ ಒಂಬತ್ತು. ಭಾರತದ ನೆಲದಲ್ಲಿ ಪಾಕಿಸ್ತಾನಕ್ಕೆ ಅದು ಮೊದಲ ಸರಣಿ ಗೆಲುವು.

‘ಇವರ ಚೆಂಡು ತಿರುಗುವುದೇ ಇಲ್ಲ’ ಎಂಬ ದೂರನ್ನು ಮುಂದೆ ವೃತ್ತಿಜೀವನವಿಡೀ ಕೇಳಿಸಿಕೊಂಡವರು ಇದೇ ಬೆಂಗಳೂರಿನ ಅನಿಲ್ ಕುಂಬ್ಳೆ. 1999ರಲ್ಲಿ ದೆಹಲಿಯಲ್ಲಿ ಅದೇ ಪಾಕಿಸ್ತಾನದ ಹತ್ತೂ ವಿಕೆಟ್ 74 ರನ್ನಿಗೆ ಕಿತ್ತ ಮೇಲೂ ದೂರು ಪೂರ್ತಿ ನಿಲ್ಲಲಿಲ್ಲ. 2007ರ ಡಿಸೆಂಬರಿನಲ್ಲಿ ಅವರೇ ನಾಯಕರಾಗಿ ಚಿನ್ನಸ್ವಾಮಿಯಲ್ಲಿ ಪಾಕಿಸ್ತಾನದ ಎದುರು ಆಡಿದರು. ಕೊನೆಯ ದಿನ ಚೆಂಡು ನೆಲಕ್ಕಂಟಿ ಬರುವುದನ್ನು ಕಂಡು ಸ್ಪಿನ್ ಬಿಟ್ಟು ಮಧ್ಯಮ ವೇಗದಲ್ಲಿ ಎಸೆದು ಐದು ವಿಕೆಟ್ ಪಡೆದರು. ಪಾಕಿಸ್ತಾನ 7ಕ್ಕೆ 162 ಆಗಿದ್ದಾಗ ಬೆಳಕು ಕೈಕೊಟ್ಟಿತು. ಪಂದ್ಯ ಡ್ರಾ. ಅದಾದ ಮೇಲೆ ಈ ಎರಡು ದೇಶಗಳು ಒಂದೂ ಟೆಸ್ಟ್ ಆಡಿಲ್ಲ.