ಗಿರಣಿ, ಖಾನಾವಳಿ ಮತ್ತು ಕಾಯಕದ ಲೆಕ್ಕ

ರಾಧಾ ಕುಮಾರರ ‘ಕುಟುಂಬ ಮತ್ತು ಕಾರ್ಖಾನೆ’ (1983) ಎಂಬ ಲೇಖನವು ಎರಡು ಮಹಾಯುದ್ಧಗಳ ನಡುವಣ ಮುಂಬಯಿಯ ಹತ್ತಿಗಿರಣಿಗಳ ಸ್ತ್ರೀಯರನ್ನು ಕುರಿತದ್ದು. ಗಿರಣಿಗಳಲ್ಲಿ ಸ್ತ್ರೀಯರು ವಿರಳರಾದುದಕ್ಕೆ 1929ರ ಹೆರಿಗೆ ಭತ್ಯೆ ಕಾಯಿದೆಯೊಂದನ್ನೇ ಹೊಣೆಯಾಗಿಸುವುದು ನಮಗೆ ಒಪ್ಪಿಗೆಯಿಲ್ಲ; ನೂಲು ಸುತ್ತುವ ವಿಭಾಗಗಳ ಮರುವ್ಯವಸ್ಥೆಯನ್ನೂ, ಸಂಸಾರ ಸಾಕುವವನು ಗಂಡಸೇ ಎಂಬ ನಂಬುಗೆಯನ್ನೂ ಜೊತೆಗಿಟ್ಟು ನೋಡಬೇಕು. ಅರ್ಥಶಾಸ್ತ್ರವನ್ನು ಮನೆಯ ಚರಿತ್ರೆಯೊಡನೆ ಕೂಡಿಸುವ ಈ ಲೇಖನದ ಬೆಲೆ ಅಲ್ಲಿದೆ. ಆದರೆ ಸರ್ಕಾರದ ನೀತಿಗೆ ಗಿರಣಿಯ ಹಾಜರಿ ಪುಸ್ತಕವೇ ಗಡಿಯಾಯಿತು. ಅಕ್ಕಿ ಆಯುವುದನ್ನೂ ಕಾಯಕವೆಂದ ವಚನಪರಂಪರೆಯನ್ನು (ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯಬಹುದು) ಓದಿದವರಿಗೆ ಇದು ಕಿರಿದಾದ ವ್ಯಾಖ್ಯೆ. ವಲಸೆ ಕಾರ್ಮಿಕರಿಗೆ ಮನೆಯಲ್ಲೇ ಖಾನಾವಳಿ ನಡೆಸಿದ ಹೆಂಗಸರನ್ನು ಆ ಕಾಯಿದೆ ಮುಟ್ಟಲಿಲ್ಲ. 1975ರಲ್ಲಿ ಪ್ರೇಮಾ ಪುರವ ಅವರು ಅನ್ನಪೂರ್ಣಾ ಮಹಿಳಾ ಮಂಡಳವನ್ನು ಕಟ್ಟಿದ ಮೇಲೆಯೇ ಅವರಿಗೆ ಬ್ಯಾಂಕಿನ ಸಾಲ ದೊರೆಯತೊಡಗಿತು.