ಗೋರ್ಗಾನಿನ ಮುಖ: ಪ್ರೀಮೊ ಲೇವಿಯ ಸಾಕ್ಷ್ಯದಲ್ಲಿ ಯವನರ ಪ್ರೇತಲೋಕ

ಇಟಲಿಯ ರಸಾಯನಶಾಸ್ತ್ರಜ್ಞನಾದ ಪ್ರೀಮೊ ಲೇವಿ (1919–1987) ಆಷ್‌ವಿಟ್ಸ್ ಶಿಬಿರಸಮೂಹಕ್ಕೆ ಸೇರಿದ ಮೋನೊವಿಟ್ಸ್‌ನಲ್ಲಿ 1944ರ ಫೆಬ್ರವರಿಯಿಂದ 1945ರ ಜನವರಿಯವರೆಗೆ ಸೆರೆಯಲ್ಲಿದ್ದು ಬದುಕಿ ಬಂದವನು. ಅವನ ‘ಇವನು ಮನುಷ್ಯನಾದರೆ’ ಎಂಬ ಗ್ರಂಥವು 1947ರಲ್ಲಿ 2,500 ಪ್ರತಿಗಳಾಗಿ ಅಚ್ಚಾಗಿ ಬಹುಮಟ್ಟಿಗೆ ಅಲಕ್ಷಿತವಾಯಿತು. 1958ರಲ್ಲಿ ಐನೌದಿ ಪ್ರಕಾಶಕರು ಮತ್ತೆ ಪ್ರಕಟಿಸಿದಮೇಲೆ ಅದಕ್ಕೆ ಕ್ರಮವಾಗಿ ಮನ್ನಣೆ ದೊರೆಯಿತು. ಪ್ರಯೋಗಶಾಲೆಯ ತಕ್ಕಡಿಯಲ್ಲಿಟ್ಟು ತೂಗಿದಂತೆ ಮಾತುಗಳನ್ನು ತೂಗುವವನು ಲೇವಿ. ಅಂಥವನು ಕೇರಾನ್, ಟ್ಯಾಂಟಲಸ್, ಗೋರ್ಗಾನ್ ಎಂಬ ಯವನ ಪುರಾಣದ ಹೆಸರುಗಳನ್ನು ಏತಕ್ಕೆ ಕರೆತಂದನು? ರೈಲುಗಾಡಿಯ ವೇಳಾಪಟ್ಟಿಯನ್ನೂ ಕಾರ್ಖಾನೆಯ ಲೆಕ್ಕವನ್ನೂ ಇಟ್ಟುಕೊಂಡು ಮನುಷ್ಯರು ಮನುಷ್ಯರಿಗೆ ಮಾಡಿದ ಕೃತ್ಯಕ್ಕೆ ಪುರಾಣದ ಹೆಸರಿಟ್ಟರೆ, ಅದು ವಿಧಿಯ ಕೆಲಸವೆಂಬ ಭ್ರಾಂತಿ ಹುಟ್ಟಿ, ಮಾಡಿದವರ ಹೊಣೆ ಜಾರಿಹೋಗುವುದೆಂಬ ಆಕ್ಷೇಪವು ಅಲ್ಪವಾದುದಲ್ಲ. ಆಕ್ಷೇಪ ನಿಲ್ಲುವುದೋ ಇಲ್ಲವೋ ಎಂಬುದನ್ನು ಆಯಾ ಸ್ಥಳದಲ್ಲಿಯೇ ನೋಡಿ ನಿರ್ಣಯಿಸಬೇಕು.

ಕೇರಾನನ ಪ್ರಸಂಗವು ಮೊದಲನೆಯ ಅಧ್ಯಾಯದ ಕೊನೆಯಲ್ಲಿದೆ. ರೈಲಿನಲ್ಲಿ ಬಂದವರು ಸುಮಾರು 650 ಮಂದಿ. ಅವರಲ್ಲಿ ದುಡಿಮೆಗೆಂದು ಆರಿಸಲ್ಪಟ್ಟವರನ್ನು ಲಾರಿಯಲ್ಲಿ ಶಿಬಿರಕ್ಕೆ ಒಯ್ಯುವಾಗ ಕಾವಲಿನ ಜರ್ಮನ್ ಸೈನಿಕನು ದಾಂತೆಯ ನಾವಿಕನಂತೆ ಗರ್ಜಿಸುವುದಿಲ್ಲ. ಒಬ್ಬೊಬ್ಬರನ್ನೂ ಸೌಜನ್ಯದಿಂದಲೇ, ಹಣವೋ ಗಡಿಯಾರವೋ ಇದ್ದರೆ ಕೊಡಿರೆಂದು ಕೇಳುತ್ತಾನೆ, ಮುಂದೆ ಅವು ಅವರಿಗೆ ಬೇಕಾಗುವುದಿಲ್ಲವಲ್ಲ! ಇದು ಮೇಲಿನವರ ಆಜ್ಞೆಯಲ್ಲ, ಅವನದೇ ಸ್ವಂತ ಸಣ್ಣ ಸಂಪಾದನೆ. ಯವನರ ನಂಬಿಕೆಯಲ್ಲಿ ನಾವಿಕನ ಕೂಲಿಯಾದ ನಾಣ್ಯವನ್ನು ಸತ್ತವನ ಬಾಯಲ್ಲಿ ಇಡುತ್ತಿದ್ದವರು ಬಂಧುಗಳು. ಅದು ಸಂಸ್ಕಾರದ ಅಂಗ, ಪ್ರೀತಿಯ ಋಣ. ಇಲ್ಲಿ ಬಂಧುಗಳೂ ಇಲ್ಲ, ಸಂಸ್ಕಾರವೂ ಇಲ್ಲ. ಬದುಕಿರುವವನ ಜೇಬಿನಿಂದಲೇ ಕೂಲಿ ಸಲ್ಲಬೇಕು. ಹೋಲಿಕೆಯು ಹೊಂದಿಕೊಳ್ಳದ ಎಡೆಯಲ್ಲಿಯೇ ಅರ್ಥ ಹೊರಡುತ್ತದೆ. ಸೈನಿಕನ ಹೊಣೆಯು ಇದರಿಂದ ಜಾರುವುದಿರಲಿ, ಕಳ್ಳತನವು ಕಳ್ಳತನವಾಗಿಯೇ ಬಯಲಿಗೆ ಬೀಳುತ್ತದೆ.

ಟ್ಯಾಂಟಲಸನ ಮಾತು ಇದಕ್ಕೆ ವಿಲೋಮವಾದುದು. ಶಿಬಿರದ ರಾತ್ರಿಗಳಲ್ಲಿ ಎಲ್ಲರೂ ಕಾಣುತ್ತಿದ್ದ ಕನಸು ಊಟದ್ದು. ತುತ್ತು ತುಟಿಯವರೆಗೆ ಬಂದು ಕರಗುವುದು. ಈ ಕಥೆಯನ್ನು ಕಟ್ಟಿದವನಿಗೆ ಆ ಕನಸಿನ ಪರಿಚಯ ಇದ್ದಿರಲೇಬೇಕೆಂದು ಲೇವಿ ಊಹಿಸುತ್ತಾನೆ. ಪುರಾಣದಿಂದ ಹಸಿವನ್ನು ವಿವರಿಸುವುದಕ್ಕೆ ಬದಲು ಹಸಿವಿನಿಂದ ಪುರಾಣವನ್ನು ವಿವರಿಸಿದ ಈ ಒಂದು ವಾಕ್ಯವು ಪೌರಾಣಿಕ ವಿದ್ವಾಂಸರ ಎಷ್ಟೋ ಟೀಕೆಗಳಿಗಿಂತ ಬೆಲೆಯುಳ್ಳದ್ದು.

ಹೆಚ್ಚು ಕಷ್ಟದ ಸ್ಥಳ ಗೋರ್ಗಾನಿನದು. 1986ರಲ್ಲಿ ಪ್ರಕಟವಾದ ‘ಮುಳುಗಿದವರು ಮತ್ತು ಉಳಿದವರು’ ಎಂಬ ಗ್ರಂಥದಲ್ಲಿ ಲೇವಿ, ಉಳಿದು ಬಂದವರು ಪೂರ್ಣ ಸಾಕ್ಷಿಗಳಲ್ಲವೆಂದೂ, ತಳವನ್ನು ಮುಟ್ಟಿದವರು, ಗೋರ್ಗಾನನ್ನು ಕಂಡವರು, ಹಿಂದಿರುಗಲಿಲ್ಲ, ಇಲ್ಲವೆ ಮೂಕರಾಗಿ ಹಿಂದಿರುಗಿದರೆಂದೂ ಹೇಳುತ್ತಾನೆ. ಗೋರ್ಗಾನನ್ನು ನೋಡಿದವನು ಕಲ್ಲಾಗುವನೆಂಬುದು ಎಲ್ಲರೂ ಬಲ್ಲ ಕಥೆ. ಆದರೆ ‘ಒಡಿಸ್ಸಿ’ಯ ಹನ್ನೊಂದನೆಯ ಸರ್ಗದ ಕೊನೆಯನ್ನು ಇಲ್ಲಿ ನೆನೆಯುವುದು ಉಚಿತ. ಪ್ರೇತಗಳೊಡನೆ ಮಾತನಾಡುತ್ತಿದ್ದ ಓಡಿಸ್ಯೂಸನು, ಪರ್ಸಿಫೋನಿಯು ಎಲ್ಲಿ ಗೋರ್ಗಾನಿನ ತಲೆಯನ್ನು ಕಳುಹಿಸಿಬಿಡುವಳೋ ಎಂದು ಹೆದರಿ ಹಡಗಿಗೆ ಓಡುತ್ತಾನೆ. ಹೋಮರನು ಕಂಡ ಪ್ರೇತಲೋಕದ ವೃತ್ತಾಂತವೂ ಕಾಣದೆ ಬಿಟ್ಟ ಒಂದು ಮುಖದ ಅಂಚಿನಲ್ಲಿಯೇ ನಿಲ್ಲುತ್ತದೆ. ಹಿಂದಿರುಗಿ ಕಥೆ ಹೇಳಿದವನು ಅದನ್ನು ನೋಡದವನು.

ಇನ್ನೊಂದು ವ್ಯತ್ಯಾಸವಿದೆ. ಆ ಸರ್ಗದಲ್ಲಿ ತಾಯಿಯ ಪ್ರೇತವು ಕೂಡ ಬಲಿಯ ರಕ್ತವನ್ನು ಕುಡಿಯುವವರೆಗೆ ಮಗನನ್ನು ಗುರುತಿಸದೆ ಮೌನವಾಗಿ ಕುಳಿತಿರುತ್ತದೆ. ಆದರೆ ಎಲ್ಲಕ್ಕಿಂತ ಮೊದಲು ಬಂದು, ರಕ್ತದ ನೆರವಿಲ್ಲದೆ ಮಾತನಾಡುವವನು ಇನ್ನೂ ದಹನವಾಗದ ಎಲ್ಪೆನೋರ್. ತನ್ನನ್ನು ಸುಟ್ಟು ದಿಬ್ಬವೆತ್ತಿ, ಅದರ ಮೇಲೆ ತನ್ನ ಹುಟ್ಟನ್ನು ನೆಡಬೇಕೆಂದು ಅವನು ಬೇಡುತ್ತಾನೆ. ಪ್ರಾಚೀನರ ನಂಬಿಕೆಯಲ್ಲಿ ಸಂಸ್ಕಾರವಿಲ್ಲದ ಸತ್ತವನು ಸುಮ್ಮನಿರಲಾರನು. ಲೇವಿಯ ಸತ್ತವರಿಗೆ ದಿಬ್ಬವೂ ಇಲ್ಲ, ಬೇಡುವ ಬಾಯಿಯೂ ಇಲ್ಲ. ದೇಹ ಸಾಯುವುದಕ್ಕೆ ಮುನ್ನವೇ ಅವರು ಮಾತನ್ನು ಕಳೆದುಕೊಂಡಿದ್ದರು. ಆದುದರಿಂದಲೇ ಅವರ ಪರವಾಗಿ, ಪ್ರತಿನಿಧಿಯಾಗಿ, ಇನ್ನೊಬ್ಬನು ನುಡಿಯಬೇಕಾಯಿತು. 1998ರಲ್ಲಿ ತತ್ತ್ವಜ್ಞ ಜಾರ್ಜೊ ಅಗಾಂಬೆನ್ ಗೋರ್ಗಾನೆಂದರೆ ನೋಡಲಾಗದಿರುವ ಸ್ಥಿತಿಯೇ ಎಂದು ವ್ಯಾಖ್ಯಾನಿಸಿ ಈ ವಾಕ್ಯದಿಂದ ದೊಡ್ಡ ಸಿದ್ಧಾಂತವನ್ನು ಕಟ್ಟಿದನು. ವ್ಯಾಖ್ಯಾನವು ಸೂಕ್ಷ್ಮವಾದುದೇನೋ ಸರಿ. ಆದರೆ ಲೇವಿಯ ಮಾತು ನಿಜವಾಗಿ ಸತ್ತ ಜನರನ್ನು ಕುರಿತದ್ದು, ಅಸಾಧ್ಯತೆಯೆಂಬ ಭಾವವಾಚಕವನ್ನು ಕುರಿತದ್ದಲ್ಲ.

ಯೂಲಿಸಿಸನ ಅಧ್ಯಾಯವು ಬಹಳವಾಗಿ ಚರ್ಚಿತವಾಗಿರುವುದರಿಂದ ಒಂದು ಮಾತು ಸಾಕು. ಗಂಜಿಯ ಪಾತ್ರೆಯನ್ನು ತರಲು ಹೋಗುವ ದಾರಿಯಲ್ಲಿ ಲೇವಿ ಜೊತೆಗಾರನಿಗೆ ನೆನಪಿಸಿಕೊಂಡು ಹೇಳುವುದು ಮನೆ ಸೇರಿದ ಹೋಮರನ ವೀರನನ್ನಲ್ಲ, ಸಮುದ್ರದಲ್ಲಿ ಮುಳುಗಿದ ದಾಂತೆಯವನನ್ನು. ಹೋಮರನಿಗೆ ಲೇವಿ ಮರಳುವುದು ತಡವಾಗಿ. ತನಗೆ ಪ್ರಿಯವಾದ ಗ್ರಂಥಭಾಗಗಳ ಸಂಕಲನವೊಂದನ್ನು 1981ರಲ್ಲಿ ಹೊರತಂದಾಗ ‘ಒಡಿಸ್ಸಿ’ಯಿಂದ ಅವನು ಆರಿಸಿದುದು ಪ್ರೇತಲೋಕದ ಸರ್ಗವನ್ನಲ್ಲ, ಸೈಕ್ಲೋಪನ ಪ್ರಸಂಗವನ್ನು. ‘ಯಾರೂ ಅಲ್ಲ’ ಎಂಬ ಹೆಸರಿನಿಂದ ಗುಹೆಯಲ್ಲಿ ಜೀವ ಉಳಿಸಿಕೊಂಡ ಓಡಿಸ್ಯೂಸನು ಅಲ್ಲಿ, ಹಡಗು ದಡ ಬಿಟ್ಟಮೇಲೆ, ಅಪಾಯವನ್ನೂ ಲೆಕ್ಕಿಸದೆ ತನ್ನ ಹೆಸರನ್ನೂ ತಂದೆಯ ಹೆಸರನ್ನೂ ಊರನ್ನೂ ಕೂಗಿ ಹೇಳುತ್ತಾನೆ. ಆರಿಸಿದವನ ತೋಳಿನಲ್ಲಿ ಆಗಲೂ ಇದ್ದ ಸಂಖ್ಯೆ 174517.