ಸದ್ದಿಲ್ಲದ ಗಾಲಿ

ಸುರಪುರದ ಬೇಡ ನಾಯಕರ ಸೀಮೆಯಲ್ಲಿ ಬೇಟೆಯ ಕಾಲ ಮುಗಿಯಿತು. 1972ರ ವನ್ಯಜೀವಿ ಕಾಯ್ದೆ ಬಂದೂಕನ್ನು ಕೆಳಗಿಡಿಸಿತು. ಸದ್ದಿಲ್ಲದೆ ಮೃಗದ ಹತ್ತಿರ ಹೋಗುವ ವಿದ್ಯೆ ಮಾತ್ರ ಈಗಲೂ ಬೇಕು, ನೋಡಲಿಕ್ಕೆ. ಹತ್ತಿಕುಣಿ ಜಲಾಶಯದ ಸುತ್ತ ತಿರುಗಲು ನಾನಾದರೆ ಬ್ಯಾಟರಿ ಜೀಪನ್ನೇ ಆರಿಸುತ್ತೇನೆ. ಇಂಜಿನ್ನಿನ ಗುಡುಗಿಲ್ಲ, ಗೇರಿನ ಗೊಡವೆಯಿಲ್ಲ. ನಿಂತಲ್ಲಿಂದಲೇ ಪೂರ್ತಿ ಎಳೆತ ಸಿಗುವುದರಿಂದ ದಿನ್ನೆಯನ್ನು ನಡಿಗೆಯ ವೇಗದಲ್ಲೇ ಹತ್ತಬಹುದು. ಉಳಿಯುವುದು ಗರಸಿನ ಮೇಲೆ ಟೈರಿನ ಕರಕರ. ಗಾಳಿ ಕೊಂಚ ಇಳಿಸಿದರೆ ಅದೂ ತಗ್ಗುತ್ತದೆ. ಎರೆಮಣ್ಣು ಹಸಿಯಾದಾಗ ಮಾತ್ರ ಬ್ಯಾಟರಿಯ ಭಾರ ಕಾಡುತ್ತದೆ.

ಹಿಂದೆ ರಾಜರು ಪಳಗಿಸಿದ ಚೀತಾವನ್ನು ಎತ್ತಿನ ಗಾಡಿಯಲ್ಲೇ ಕೃಷ್ಣಮೃಗಗಳ ಹತ್ತಿರಕ್ಕೆ ಒಯ್ಯುತ್ತಿದ್ದರು. ಗಾಡಿ ಗಡಗಡ ಎನ್ನುತ್ತಿತ್ತು, ನಿಜ. ಆದರೆ ಹೊಲದಂಚಿನ ಮೃಗಕ್ಕೆ ಅದು ದಿನನಿತ್ಯದ ಸದ್ದು. ಬ್ಯಾಟರಿ ಜೀಪಿಗೆ ಆ ಸಲಿಗೆ ಸಿಗಲು ಇನ್ನೂ ಕೆಲವು ಸುಗ್ಗಿ ಬೇಕಾದೀತು.